ಗೊಂಚಲು ಅಂದುಕೊಂಡಿದ್ದು ಸರಪಳಿಯಾಗಿತ್ತು

ಲ್ಯಾಬ್ ಕೆಲಸಕ್ಕೆ ಸೇರಿದ ಹೊಸತು. ಗ್ರಾಂ ಸ್ಟೇನ್ ಮಾಡಿದ, ಅಂದರೆ ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಾಕಿದ ಸ್ಲೈಡನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಿದ್ದೆ. ನೇರಳೆ ಬಣ್ಣದ ಗುಂಡು ಗುಂಡು ಕಾಳುಗಳು ಒಂದರ ಮೇಲೊಂದು ರಾಶಿ ಬಿದ್ದಿದ್ದವು. ದ್ರಾಕ್ಷಿ ಗೊಂಚಲು, ಅಂದರೆ ಗೊಂಚಲಾಗಿ ಬೆಳೆಯುವ ಸ್ಟ್ಯಾಫೈಲೋಕಾಕಸ್ ಎಂದು ಬರೆದುಬಿಟ್ಟೆ. ಮರುದಿನ ಕ್ಯಾಟಲೇಸ್ ಎಂಬ ಕಿಣ್ವ ಇದೆಯೇ ಎಂದು ನೋಡುವ ಪರೀಕ್ಷೆಗೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಒಂದು ಗುಳ್ಳೆಯೂ ಏಳಲಿಲ್ಲ. ಸ್ಟ್ಯಾಫೈಲೋಕಾಕಸ್ ಆಗಿದ್ದರೆ ನೊರೆ ಬರಬೇಕಿತ್ತು, ಅಲ್ವಾ? ಅದೇ ಕಾಲನಿಯನ್ನು, ಅಂದರೆ ಒಟ್ಟಾಗಿ ಬೆಳೆದ ಬ್ಯಾಕ್ಟೀರಿಯಾಗಳ ಗುಂಪನ್ನು, ಬ್ರಾತ್ ಎಂಬ ಪೋಷಕ ದ್ರವದಲ್ಲಿ ಬೆಳೆಸಿ ಮತ್ತೆ ನೋಡಿದೆ. ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ ಉದ್ದುದ್ದ ಸಾಲುಗಳು. ಸ್ಟ್ರೆಪ್ಟೋಕಾಕಸ್!

ಎಡವಟ್ಟಾಗಿದ್ದು ಸ್ಮಿಯರ್ ಹಚ್ಚುವಾಗಲೇ, ಅಂದರೆ ಬ್ಯಾಕ್ಟೀರಿಯಾಗಳನ್ನು ಸ್ಲೈಡ್ ಮೇಲೆ ಬಳಿಯುವಾಗಲೇ. ಕಾಲನಿಯಿಂದ ಜಾಸ್ತಿ ತೆಗೆದು ದಪ್ಪಗೆ ಬಳಿದಿದ್ದೆ. ದಪ್ಪ ಸ್ಮಿಯರ್‌ನಲ್ಲಿ ಯಾವ ಕಾಕಸ್ (ಗುಂಡಗಿನ ಬ್ಯಾಕ್ಟೀರಿಯಾ) ಆದರೂ ಗೊಂಚಲಿನ ಹಾಗೇ ಕಾಣುತ್ತದೆ. ಈಗ ಒಂದು ಸಣ್ಣ ಹನಿ ಸಲೈನ್ (ಉಪ್ಪುನೀರು) ಇಟ್ಟು, ಲೂಪ್ ಎಂಬ ತಂತಿ ಕಡ್ಡಿಯ ತುದಿಯನ್ನು ಕಾಲನಿಗೆ ಸುಮ್ನೆ ತಾಗಿಸಿ ತರುತ್ತೇನೆ. ಮೆಲ್ಲಗೆ ಹರಡುತ್ತೇನೆ. ಜೋರಾಗಿ ಉಜ್ಜಿದರೆ ಸರಪಳಿ ತುಂಡಾಗುತ್ತದೆ. ಒಣಗಿದ ಮೇಲೆ ಸ್ಲೈಡ್ ಹಿಂದೆ ಅಚ್ಚಾದ ಅಕ್ಷರ ಇಟ್ಟು ನೋಡುತ್ತೇನೆ, ಓದಲು ಬಂದರೆ ಸ್ಮಿಯರ್ ಸರಿಯಿದೆ ಎಂದರ್ಥ. ಸ್ಮಿಯರ್ ಸ್ಲೈಡಿಗೆ ಅಂಟಿಕೊಳ್ಳಲು ಜ್ವಾಲೆಯ ಮೇಲೆ ಎರಡು ಮೂರು ಸಲ ಆಡಿಸಿದರೆ ಸಾಕು. ಜಾಸ್ತಿ ಕಾಯಿಸಿದರೆ ಆಕಾರವೇ ಕೆಡುತ್ತದೆ. ಬಣ್ಣ ಹಾಕಿದ ಮೇಲೆ ಎಣ್ಣೆಯ ಹನಿಯ ಮೂಲಕ ನೋಡುವ, 100 ಪಟ್ಟು ಹಿಗ್ಗಿಸುವ ಆಯಿಲ್ ಇಮ್ಮರ್ಶನ್ ಲೆನ್ಸ್ ಹಾಕಿ, ಸ್ಮಿಯರ್ ತೆಳ್ಳಗಿರುವ ಅಂಚಿಗೆ ಹೋಗಿ ಹತ್ತಾರು ಫೀಲ್ಡ್, ಅಂದರೆ ಲೆನ್ಸ್‌ನಲ್ಲಿ ಒಮ್ಮೆಗೆ ಕಾಣುವ ವೃತ್ತಗಳನ್ನು ನೋಡುತ್ತೇನೆ. ಒಂದೇ ಫೀಲ್ಡ್ ನೋಡಿ ತೀರ್ಮಾನ ಮಾಡುವುದನ್ನು ಅವತ್ತೇ ಬಿಟ್ಟೆ.

ಈ ಜೋಡಣೆ ಯಾಕೆ ಬರುತ್ತದೆ ಎಂದು ಗೊತ್ತಾದ ಮೇಲೆ ಹೆಸರುಗಳನ್ನು ಬಾಯಿಪಾಠ ಮಾಡಬೇಕಾಗಲೇ ಇಲ್ಲ. ಗುಂಡಗಿನ ಜೀವಕೋಶ ಎರಡಾಗುತ್ತದೆ, ಆದರೆ ಬಿಟ್ಟು ಹೋಗುವುದಿಲ್ಲ. ಅಂಟಿಕೊಂಡೇ ಇದ್ದರೆ ಜೋಡಿ, ಅದೇ ಡಿಪ್ಲೋಕಾಕಸ್. ಮತ್ತೆ ಮತ್ತೆ ಒಂದೇ ದಿಕ್ಕಿನಲ್ಲಿ ಸೀಳುತ್ತಾ ಹೋದರೆ ಸರಪಳಿ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಸೀಳಿದರೆ ನಾಲ್ಕರ ಚೌಕ, ಟೆಟ್ರಾಡ್. ಮೂರೂ ದಿಕ್ಕಿನಲ್ಲಿ ಕ್ರಮವಾಗಿ ಸೀಳಿದರೆ ಎಂಟರ ಘನ, ಅದು ಸಾರ್ಸಿನಾ. ದಿಕ್ಕು ಬದಲಾಗುತ್ತಾ ಕ್ರಮ ತಪ್ಪಿದರೆ ಗೊಂಚಲು. ಸ್ಲೈಡ್ ಮೇಲೆ ನಾವು ನೋಡುತ್ತಿರುವುದು ಅವು ಹೇಗೆ ಹುಟ್ಟಿದವು ಎಂಬ ಗುರುತನ್ನೇ. ನನಗೆ ಈ ವಿಷಯ ಇವತ್ತಿಗೂ ಬಹಳ ಇಷ್ಟ.

ಕೋಲಿನಾಕಾರದ ಬ್ಯಾಸಿಲಸ್‌ಗಳಲ್ಲಿ ಇಷ್ಟು ಬಗೆ ಇಲ್ಲ. ಅವು ಸಾಮಾನ್ಯವಾಗಿ ಅಡ್ಡಕ್ಕೆ ಮಾತ್ರ ಸೀಳುತ್ತವೆ, ಹಾಗಾಗಿ ಒಂಟಿ, ಜೋಡಿ ಇಲ್ಲವೇ ಸಾಲು. ಕೋರಿನೆಬ್ಯಾಕ್ಟೀರಿಯಂ ಮಾತ್ರ ಸೀಳಿದ ಮೇಲೆ ಪಟ್ಟನೆ ಬಾಗಿ, ಬೇಲಿಯ ಗೂಟಗಳ ಹಾಗೆ ಪಕ್ಕಪಕ್ಕ ನಿಲ್ಲುತ್ತದೆ. ಅಲ್ಪವಿರಾಮ ಚಿಹ್ನೆಯಂತೆ ಬಾಗಿರುವುದು ವಿಬ್ರಿಯೋ. ಗಟ್ಟಿ ಸುರುಳಿ ಸ್ಪೈರಿಲ್ಲಂ, ಬಳುಕುವ ಸುರುಳಿ ಸ್ಪೈರೋಕೀಟ್.

ಈಗಲೂ ನನ್ನನ್ನು ತಡೆದು ನಿಲ್ಲಿಸುವುದು ಕಾಕೋಬ್ಯಾಸಿಲಸ್‌ಗಳು, ಅಂದರೆ ಮೋಟು ಕೋಲುಗಳು. ಈ ಬಗೆಯ ಅಸಿನೆಟೋಬ್ಯಾಕ್ಟರ್ ಜೋಡಿಯಾಗಿ ಕೂತರೆ ಥೇಟ್ ಡಿಪ್ಲೋಕಾಕಸ್ ಆದ ನೈಸೀರಿಯಾ ಥರವೇ ಕಾಣುತ್ತದೆ. ಗ್ರಾಂ ಸ್ಟೇನ್‌ನಲ್ಲಿ ಎರಡೂ ಗುಲಾಬಿ ಬಣ್ಣ. ನೈಸೀರಿಯಾ ಜೋಡಿಯಲ್ಲಿ ಚಪ್ಪಟೆ ಬದಿಗಳು ಎದುರುಬದುರಾಗಿರುತ್ತವೆ, ಎರಡು ಹುರುಳಿಕಾಯಿ ಬೀಜ ಮುಖಾಮುಖಿ ಇಟ್ಟ ಹಾಗೆ. ಅನುಮಾನ ಬಂದರೆ ಆಕ್ಸಿಡೇಸ್ ಎಂಬ ಇನ್ನೊಂದು ಕಿಣ್ವದ ಪರೀಕ್ಷೆ ಮಾಡುತ್ತೇನೆ. ನೈಸೀರಿಯಾ ಪಾಸಿಟಿವ್, ಅಸಿನೆಟೋಬ್ಯಾಕ್ಟರ್ ನೆಗೆಟಿವ್. ಆಕಾರ ದಾರಿ ತೋರಿಸುತ್ತದೆ ನಿಜ, ಆದರೆ ಅದೊಂದನ್ನೇ ನಂಬಿ ಹೆಸರು ಬರೆಯಬಾರದು.

ಹೊಸದಾಗಿ ಕಲಿಯಲು ಬಂದವರಿಗೆ ನಾನು ಮೊದಲು ಕೊಡುವ ಕೆಲಸ ಒಂದೇ. ನಿಮ್ಮ ಹಲ್ಲಿನ ಸಂದಿಯ ಬಿಳಿ ಪಾಚಿ ಸ್ವಲ್ಪ ತೆಗೆದು ಸ್ಮಿಯರ್ ಮಾಡಿ, ಕಂಡಿದ್ದನ್ನು ಪೆನ್ಸಿಲ್‌ನಲ್ಲಿ ಬಿಡಿಸಿ ಎನ್ನುತ್ತೇನೆ. ಬ್ಯಾಕ್ಟೀರಿಯಾಗಳನ್ನು ಮೊದಲು ಕಂಡ ಡಚ್ಚರ ಲೀವೆನ್‌ಹುಕ್ 1683ರಲ್ಲಿ ಪತ್ರ ಬರೆದು ವಿವರಿಸಿದ್ದೂ ಇದನ್ನೇ. ಗುಂಡಗಿನವು, ಕೋಲುಗಳು, ಎಳೆಗಳು, ಸುರುಳಿಗಳು, ಎಲ್ಲವೂ ಒಂದೇ ಸ್ಲೈಡ್‌ನಲ್ಲಿ ಸಿಗಬಹುದು.