ಕರೀಲಿ ಅಂತ ಕಾಯಬ್ಯಾಡ್ರಿ: ನಮ್ಮ ಕಡಿಯಿಂದ ಇಂಗ್ಲೆಂಡಿಗೆ ಹೊಸದಾಗಿ ಬಂದೋರಿಗೆ

ಮೊದಲ ಕಾಗದದ ಕೆಲಸ ಮುಗಿಸಿಬಿಡ್ತೀನಿ. ಇ-ವೀಸಾ ಖಾತೆ ತೆರೀರಿ, ನ್ಯಾಷನಲ್ ಇನ್ಶುರೆನ್ಸ್ ನಂಬರಿಗೆ ಅರ್ಜಿ ಹಾಕ್ರಿ, ಮನಿ ಹತ್ರದ ಜಿಪಿ, ಅಂದ್ರ ಓಣಿ ಡಾಕ್ಟ್ರ ಕಡೆ ಹೆಸರು ಬರಸ್ರಿ, ಕೌನ್ಸಿಲ್ ಟ್ಯಾಕ್ಸ್ ಬಿಲ್ ನೋಡಿ ಎದಿ ಒಡಕೋಬ್ಯಾಡ್ರಿ. ಆತಲ್ಲ. ಇದನ್ನ ಯಾರು ಬೇಕಾದ್ರೂ ಹೇಳ್ತಾರ. ನಾ ಹೇಳಾಕ ಕುಂತಿದ್ದು ಬೇರೆ, ಅದನ್ನ ನನಗ ಯಾರೂ ಹೇಳಲಿಲ್ಲ, ಅದಕ್ಕ ಆರು ವರ್ಷ ಹಾಳಾತು.

ನಾ ಗಂಗಾವತಿಯಾವ. ಲೀಡ್ಸ್ ಹತ್ರ ಒಂದು ಸಣ್ಣ ಊರಾಗ ಇದ್ದು 14 ವರ್ಷ ಆತು. ನಮ್ಮ ಹಿತ್ತಲ ಬೇಲಿ ದಾಟಿದ್ರ ಕ್ರಿಕೆಟ್ ಕ್ಲಬ್ಬಿನ ಗ್ರೌಂಡು. ಏಪ್ರಿಲ್ ಕೊನಿಯಿಂದ ಸೆಪ್ಟೆಂಬರ್ ತನಕ ಶನಿವಾರ ಮಧ್ಯಾಹ್ನ ಆತಂದ್ರ ಬ್ಯಾಟಿಗೆ ಬಾಲ್ ಬಡಿಯೋ ಸಪ್ಪಳ, ನಾ ಅಡಿಗಿಮನಿ ಕಿಟಕಿ ಹತ್ರ ನಿಂತು ಸ್ಕೋರ್ ಲೆಕ್ಕ ಹಾಕ್ಕೋತ ಇರ್ತಿದ್ದೆ. ಹೋಗಲಿಲ್ಲ. ಯಾಕಂದ್ರ ಯಾರೂ ಕರೀಲಿಲ್ಲ. ಕರೀದ ಬರೋನಿಗೆ ಕೆರದಾಗ ಹೊಡೀರಿ ಅಂತ ಸರ್ವಜ್ಞನ ಹೇಳಿಬಿಟ್ಟಾನ, ನಾವು ಅದನ್ನ ಕುಡದು ಬೆಳದ ಮಂದಿ. ಕಾರ್ಡ್ ಕೊಡಾಕ ಮನಿತನಕ ಬರದಿದ್ರ ಸ್ವಂತ ಸೋದರಮಾವನ ಮನಿ ಮದುವಿಗೂ ಹೋಗಂಗಿಲ್ಲ ಅಂತೀವಿ. ಇಲ್ಲಿ ಗೇಟಿಗೆ "ಹೊಸ ಆಟಗಾರರಿಗೆ ಸ್ವಾಗತ" ಅಂತ ಬೋರ್ಡ್ ಹಾಕ್ಯಾರ, ಅದ ಅವರ ಕಾರ್ಡು. ನಾ ಅದನ್ನ ಆರು ವರ್ಷ ಓದ್ಕೋತ ಅದರ ಮುಂದ ಹಾಲು ತರಾಕ ಹೋದೆ.

ಕಡೀಕ ನನ್ನನ್ನ ಒಳಗ ಕರಕೊಂಡು ಹೋದಾಕಿ ಮಗಳು. 5ರಿಂದ 8 ವರ್ಷದ ಮಕ್ಕಳಿಗೆ ಆಲ್ ಸ್ಟಾರ್ಸ್ ಅಂತ ಕ್ರಿಕೆಟ್ ಕಲಸೋದು ಐತಿ, ಸಾಲ್ಯಾಗ ಚೀಟಿ ಕೊಟ್ಟಿದ್ರು. ಅಲ್ಲಿ ಕೋಚ್ "ನೀವೂ ಆಡ್ತೀರೇನು" ಅಂದ. ನಾ ಏನಂದಿರಬೇಕ್ರಿ, "ಏ ಇಲ್ಲ ಇಲ್ಲ, ಸಣ್ಣಾವಿದ್ದಾಗ ಸುಮ್ನ ಒಂಚೂರು." ನಮ್ಮ ಕಡೆ ಹಂಗಂದ್ರ ಇವ ಜಿಲ್ಲಾ ಲೆವೆಲ್ಲಿಗೆ ಆಡ್ಯಾನ ಅಂತ ಅರ್ಥ. ಅವ ನಾ ಅಂದಿದ್ದನ್ನ ಅಂದಂಗ ನಂಬಿ ನಾಲ್ಕನೇ ಟೀಮಿನಾಗ 11ನೇ ನಂಬರಿಗೆ ಇಳಿಸಿದ. ಇಡೀ ಸೀಸನ್ ಬೌಂಡರಿ ಹತ್ರ ಹುಲ್ಲು ಕಾದೆ.

ಎರಡನೇ ತಪ್ಪು ಚಾದಾಗ. ಎರಡು ಇನ್ನಿಂಗ್ಸಿನ ನಡುವ ಚಾ ಅಂತ ಬಿಡ್ತಾರ, ಉದ್ದನ ಟೇಬಲ್ ಮ್ಯಾಲೆ ತತ್ತಿ ಸ್ಯಾಂಡ್‌ವಿಚ್ಚು, ಚೀಸಿಂದು, ಕೇಕು, ದೊಡ್ಡ ಸ್ಟೀಲ್ ಬಾಯ್ಲರಿನಾಗ ನೀರು ಕುದೀತಿರತೈತಿ. ವಯಸ್ಸಾದ ಹೆಣ್ಮಗಳು ಒಬ್ರು ತಾಟು ಹಿಡದು ನನ್ನ ಮುಂದ ಬಂದು "ತಗೋತೀಯೇನಪ್ಪಾ" ಅಂದ್ರು. ಹಸಿವಿ ಜೀವ ಹೋಗಾಕತ್ತಿತ್ತು. ಬಾಯಿ ತಾನ "ಬ್ಯಾಡ್ರಿ, ಬ್ಯಾಡ್ರಿ" ಅಂತು. ಅವರು ನಕ್ಕು ಮುಂದಿನಾವನ ಹತ್ರ ಹೋದ್ರು. ಹೋದೋರು ತಿರುಗಿ ಬರಲೇ ಇಲ್ಲ! ಮೂರು ಸಲ ಬ್ಯಾಡ ಅಂದು, ನಾಲ್ಕನೇದಕ್ಕ "ನನ್ನ ಮ್ಯಾಲಾಣಿ" ಅಂತ ತಾಟಿಗೆ ಹಾಕಿಸ್ಕೊಳ್ಳೋ ಮಂದಿ ನಾವು, ಇಲ್ಲಿ ಒಂದ ಸಲ ಕೇಳ್ತಾರ. ಅದು ಬೇಪರವಾ ಅಲ್ಲ, ನಿಮ್ಮ ಮಾತಿಗೆ ಕಿಮ್ಮತ್ತು ಕೊಡೋದು ಅವರ ಲೆಕ್ಕದಾಗ ಹಂಗ. ಬೇಕಾದ್ರ ಬೇಕನ್ನ್ರಿ.

ಮೂರನೇದು ನೆನಸಿದ್ರ ಇವತ್ತಿಗೂ ಮುಖ ಮುಚ್ಕೋಬೇಕು ಅನ್ನಿಸ್ತೈತಿ. ಮ್ಯಾಚ್ ಮುಗಿದ ಮ್ಯಾಲೆ ಕ್ಲಬ್ ಬಾರಿನಾಗ ಒಬ್ಬ ಎದ್ದು ಎಲ್ಲರಿಗೂ ತರ್ತಾನ, ಅದು ಮುಗಿದ್ರ ಇನ್ನೊಬ್ಬ. ಇದಕ್ಕ ರೌಂಡ್ ಅಂತಾರ. ನಾ ಕುಡ್ಯಂಗಿಲ್ಲ, ಕಿತ್ತಳಿ ಜ್ಯೂಸು ತಂದುಕೊಡ್ತಿದ್ರು, ಕುಡದು ಮನಿಗೆ ಹೋಗ್ತಿದ್ದೆ. ಮೂರು ವಾರ ಹಿಂಗ. ನಾಲ್ಕನೇ ವಾರ ನಮ್ಮ ವಿಕೆಟ್ ಕೀಪರ್ ಖಾಲಿ ಗ್ಲಾಸ್ ಅಲ್ಲಾಡಿಸಿ "ನಿಂದು ರೌಂಡು" ಅಂದ. ನಾ ಬಾಲಿಂಗ್ ಬಗ್ಗೆ, ರೌಂಡ್ ದಿ ವಿಕೆಟ್ ಹಾಕ್ತೀಯೇನು ಅಂತ ಕೇಳಾಕತ್ತಾನ ಅಂದ್ಕೊಂಡು "ಇಲ್ಲ, ನಾ ಓವರ್ ದಿ ವಿಕೆಟ್ ಹಾಕ್ತೀನಿ" ಅಂದೆ. ಆ ಮಾತು ಕ್ಲಬ್ಬಿನಾಗ ಇನ್ನೂ ಓಡಾಡ್ತೈತಿ. ನಮ್ಮೂರ ಹೋಟ್ಲಾಗಾದ್ರ ಗಲ್ಲೆ ಹತ್ರ ಕೈ ಕೈ ಹಿಡದು ಜಗ್ಯಾಡಿ ಬಿಲ್ ಕೊಡ್ತೀವಿ, ಇಲ್ಲಿ ಜಗ್ಯಾಟ ಇಲ್ಲ, ಪಾಳಿ ಐತಿ. ನೀವು ಕುಡೀಲಿ ಬಿಡ್ಲಿ, ನಿಮ್ಮ ಪಾಳಿ ಬಂದಾಗ ಏಳ್ರಿ.

ಕ್ಲಬ್ ಸೇರೀನಿ ಅಂತ ಅಪ್ಪಗ ಫೋನ್ ಮಾಡಿದ ದಿನ ಬೈಸ್ಕೊಂಡಿದ್ದೂ ಬರೀಬೇಕು. "ಇಸ್ಪೀಟ್ ಆಡಾಕ ಅಷ್ಟು ದೂರ ಹೋದೇನೋ?" ಅಂದ್ರು. ಅವರ ತಪ್ಪೇನೈತಿ, ನಮ್ಮ ಊರುಗಳಾಗ ಕ್ಲಬ್ ಅಂದ್ರ ಅಂದರ್ ಬಾಹರ್, ಪೊಲೀಸ್ ರೇಡು. ಹಳೇ ಪಿಚ್ಚರಿನಾಗ ಕ್ಲಬ್ ಅಂದ್ರ ಹೊಗಿ, ಕ್ಯಾಬರೆ, ಕಳ್ಳಸಾಗಾಣಿಕೆ ಮಾಡೋ ಖಳನಾಯಕ. ಒಳ್ಳೇ ಮನಿ ಹುಡುಗ ಕ್ಲಬ್ಬಿಗೆ ಹೋದ ಅಂದ್ರ ಇಂಟರ್ವಲ್ಲಿಗೆ ಅವನ ಮನಿ ಹರಾಜು.

ಇಂಗ್ಲಿಷ್ ಕಥಿಗಳಾಗಿಂದು ಇನ್ನೂ ಮಜಾ. ಷರ್ಲಾಕ್ ಹೋಮ್ಸನ ಅಣ್ಣ ಹೋಗೋ ಡಯೊಜಿನೀಸ್ ಕ್ಲಬ್ ಐತಲ್ಲ, 1893ರ ಕಥಿ, ಅಲ್ಲಿ ಮಾತ ಆಡೋ ಹಂಗಿಲ್ಲ, ಮೂರು ಸಲ ಸಿಕ್ಕಿಬಿದ್ರ ಹೊರಗ ಹಾಕ್ತಾರ. ನಮ್ಮ ಕಾರಟಗಿ, ಸಿಂಧನೂರು ಮಂದಿ ಚಪ್ಪಲಿ ಬಿಡೋದ್ರೊಳಗ ಮೂರೂ ಮುಗಿಸಿರ್ತಿದ್ರು. 80 ದಿನದಾಗ ಜಗತ್ತು ಸುತ್ತೋ ಫಿಲಿಯಾಸ್ ಫಾಗ್ ಗೊತ್ತಿರಬೇಕು, ರಿಫಾರ್ಮ್ ಕ್ಲಬ್ಬಿನ ಮೆಂಬರ್ ಅನ್ನೋದು ಬಿಟ್ರ ಅವನ ಬಗ್ಗೆ ಲಂಡನ್ನಿನಾಗ ಯಾರಿಗೂ ಏನೂ ಗೊತ್ತಿಲ್ಲ. ಸಾಲ್ಯಾಗ ಓದಿದಾಗ ಇದು ತಲೀಗೇ ಹತ್ತಿರ್ಲಿಲ್ಲ, ಹೆಂಡತಿ ಮಕ್ಕಳು ಅಣ್ಣತಮ್ಮ ಯಾರೂ ಇಲ್ಲದಾವಗ ಒಂದು ಕ್ಲಬ್ ಹೆಂಗ ವಿಳಾಸ ಆಗತೈತಿ ಅಂತ. ಕಿಟಕಿ ಹತ್ರ ನಿಂತ ಆರು ವರ್ಷದಾಗ ಹತ್ತಿತು.

ಬಾಗಿಲು ಮುಚ್ಚಿದ ಕ್ಲಬ್ಬಿಗೇನೂ ಕಮ್ಮಿ ಇಲ್ಲ. ಫಾರ್ಸ್ಟರ್ 1924ರಾಗ ಬರದ "ಎ ಪ್ಯಾಸೇಜ್ ಟು ಇಂಡಿಯಾ" ಕಾದಂಬರಿಯ ಚಂದ್ರಾಪುರ ಕ್ಲಬ್ಬಿಗೆ ಇಂಡಿಯಾದವರು ಅತಿಥಿ ಆಗಿ ಸುದ್ದಾ ಹೋಗೋ ಹಂಗಿಲ್ಲ. ಲಾರ್ಡ್ಸ್ ಗ್ರೌಂಡಿನ ಕ್ರಿಕೆಟ್ ಕ್ಲಬ್ ಎಮ್‌ಸಿಸಿ 1787ರದು, ಹೆಣ್ಮಕ್ಕಳನ್ನ ಸೇರಿಸ್ಕೊಳ್ಳಾಕ 1998 ಬರಬೇಕಾತು, ಲಂಡನ್ನಿನ ಗ್ಯಾರಿಕ್ ಕ್ಲಬ್ 2024ರ ತನಕ ಎಳೀತು. ಇದನ್ನೆಲ್ಲಾ ಇಲ್ಲಿ ಕುಂತು ಬೈಯೋದು ನಮಗ ಭಾಳ ಸಲೀಸು. ಲಗಾನ್ ಪಿಚ್ಚರ್ ನೋಡುವಾಗ ಊರು ಮುಟ್ಟಿಸ್ಕೊಳ್ಳದ ಕಚ್ರಾನ್ನ ಟೀಮಿಗೆ ತಗೊಂಡ ಸೀನಿಗೆ ನಾವೆಲ್ಲಾ ಚಪ್ಪಾಳಿ ಹೊಡದಿದ್ವಿ. ನಮ್ಮ ಗಂಗಾವತಿ ತಾಲೂಕಿನ ಮರಕುಂಬಿಯಾಗ ಕಟಿಂಗ್ ಅಂಗಡಿಗೆ, ಹೋಟ್ಲಿಗೆ ದಲಿತರು ಬರಬಾರದು ಅನ್ನೋದರಿಂದ ಹತ್ತಿದ ಜಗಳ 2014ರಾಗ ಗುಡಸಲಿಗೆ ಬೆಂಕಿ ಇಡೋತನಕ ಹೋತು, 2024ರಾಗ ಕೊಪ್ಪಳ ಕೋರ್ಟು 98 ಮಂದಿಗೆ ಜೀವಾವಧಿ ಕೊಟ್ತು. "ನಮ್ಮೂರಾಗ ಯಾರನ್ನೂ ಹೊರಗಿಡಂಗಿಲ್ಲ" ಅಂತ ನಾ ಕ್ಲಬ್ಬಿನಾಗ ಒಂದಿನ ದೊಡ್ಡದಾಗಿ ಹೇಳಿದ್ದೆ. ಈಗ ಹೇಳಂಗಿಲ್ಲ.

ಕನ್ನಡ ಸಂಘಕ್ಕೂ ಹೋಗ್ರಿ, ಯುಗಾದಿ, ದೀಪಾವಳಿ, ರಾಜ್ಯೋತ್ಸವ ತಪ್ಪಿಸಬ್ಯಾಡ್ರಿ. ಆದ್ರ ಅಲ್ಲಿ ನಾ ಮಾಡಿದ ತಪ್ಪು ಮಾಡಬ್ಯಾಡ್ರಿ. ಮೊದಲನೇ ಸಲ ಮೈಕಿನಾಗ "ಎಲ್ಲಾರೂ ಉಣ್ಣಾಕ ಬರ್ರಿ" ಅಂದೆ, ಹಿಂದ ಯಾರೋ ಕಿಸಕ್ಕಂದ್ರು, ಅಷ್ಟಕ್ಕ ನಾ "ಊಟಕ್ಕೆ ಬನ್ನಿ" ಅನ್ನೋದು ಕಲ್ತು, ಹೋಗ್ತಾ ಹೋಗ್ತಾ ಮನಿಯಾಗೂ ಅದ ಬಾಯಿಗೆ ಬಂತು. ನಮ್ಮವ್ವ ಒಂದಿನ ಫೋನಿನಾಗ "ಯಾರ ಕೂಡ ಮಾತಾಡಾಕತ್ತೀನಿ ನಾನು?" ಅಂದ್ಲು. ಆಕಿ ಹೋಗಿ ಮೂರು ವರ್ಷ ಆತು. ಈಗ ಮತ್ತ ಐತಿ, ಬರ್ರಿ, ಹೋಗ್ರಿ ಅಂತೀನಿ, ಕೇಳಾಕ ಆಕಿ ಇಲ್ಲ.

ಹಂಗಾರ ಒಳಗಿನಾವ ಆಗಿದ್ದು ಯಾವಾಗ ಅಂದ್ರ, ರನ್ ಹೊಡದಾಗ ಅಲ್ಲ, ರನ್ ಹೊಡದಿದ್ದರ ಎಲ್ಲಿ. ಚಂದಾ ಕಟ್ಟೀನಿ, ಇನ್ನೇನು ಅಂತ ಎರಡು ವರ್ಷ ಜಿಮ್ಮಿಗೆ ಹೋದಂಗ ಹೋಗಿ ಬಂದೆ. ಒಂದು ಭಾನುವಾರ ನೋಡ್ತೀನಿ, ನಮ್ಮ ಅಧ್ಯಕ್ಷರು, ರಿಟೈರ್ಡ್ ಹೆಡ್‌ಮಾಸ್ತರು, ಕೈಗೆ ಗ್ಲೌಸ್ ಹಾಕ್ಕೊಂಡು ಕ್ಲಬ್ಬಿನ ಸಂಡಾಸ ತೊಳ್ಯಾಕತ್ಯಾರ. ನನಗ ತಟ್ಟನೆ ಕೊಪ್ಪಳದ ಗವಿಮಠದ ಜಾತ್ರಿ ನೆನಪಾತು. ಓಣ್ಯಾಗ ಹೆಣ್ಮಕ್ಕಳು ರಾತ್ರಿ ಕುಂತು ರೊಟ್ಟಿ ಬಡದು, ಒಣಗಿಸಿ, ಟ್ರ್ಯಾಕ್ಟರಿಗೆ ಹೇರಿ ದಾಸೋಹಕ್ಕ ಕಳಸ್ತಿದ್ರು, ಯಾರಿಗೂ ರಸೀದಿ ಇಲ್ಲ, ಮೆಂಬರ್ ಕಾರ್ಡ್ ಇಲ್ಲ, ರೊಟ್ಟಿ ಬಡದಾಕಿದು ಜಾತ್ರಿ. ಅವತ್ತ ಹೋಗಿ "ನನಗೂ ಏನರ ಕೆಲಸ ಕೊಡ್ರಿ" ಅಂದೆ. ಸ್ಕೋರ್ ಬುಕ್ ಕೊಟ್ರು. ಎದುರು ಟೀಮಿನ ಸ್ಕೋರರ್ ಪಕ್ಕದಾಗ ಕುಂತಿರ್ತಾನ, ಓವರ್ ಮುಗಿದಾಗೊಮ್ಮೆ ಇಬ್ರೂ ಲೆಕ್ಕ ತಾಳಿ ನೋಡ್ಕೋತೀವಿ, ಒಂದು ಲೆಗ್ ಬೈ ಹೆಚ್ಚು ಕಡಿಮಿ ಆದ್ರ ಹತ್ತು ನಿಮಿಷ ವಾದ. ಆ ವಾದದಾಗ ಆದಷ್ಟು ಗೆಳ್ಯಾರು ಬಾರಿನಾಗ ಆಗಿಲ್ಲ.

ಮಗಳಿಗೆ ಈಗ 14. ಗೆದ್ದ ದಿನ "ನಾವು ಗೆದ್ವಿ" ಅಂತ ಓಡಿ ಬರ್ತಾಳ, ರಜಾ ಬಂದ್ರ "ಅಪ್ಪಾ, ನಿಮ್ಮೂರಿಗೆ ಯಾವಾಗ ಹೋಗೋದು" ಅಂತಾಳ. ನಿಮ್ಮೂರು. ಹೋದ ಸಲ ಹೋದಾಗ ನಾವು ಕುಂಡ್ರತಿದ್ದ ಕಟ್ಟಿ ಹತ್ರ ಹೋಗಿ ನಿಂತೆ, ಹುಡುಗ್ರು ಮೊಬೈಲ್ ಬಿಟ್ಟು ಎದ್ದು ನಿಂತು "ಯಾರು ಬೇಕಾಗಿತ್ರಿ ಸರ?" ಅಂದ್ರು. ಯಾರ ಮಗ ಅಂತ ಕೇಳಿದ್ರ ಹೇಳ್ತಿದ್ದೆ, ಕೇಳಲಿಲ್ಲ.

ಮಕ್ಕಳಿಗೆ ಕೋಚಿಂಗ್ ಮಾಡೋದಾದ್ರ ಡಿಬಿಎಸ್ ಚೆಕ್ (ಹಿಂದ ಏನರ ಅಪರಾಧದ ದಾಖಲಿ ಐತೇನು ಅಂತ ನೋಡೋದು) ಮಾಡಿಸ್ಬೇಕು, ಕ್ಲಬ್ಬಿನೋರ ಫಾರ್ಮ್ ಕೊಡ್ತಾರ. ಬರೋ ಶನಿವಾರ ಚಾ ನನ್ನ ಪಾಳಿ, ಮಂಡಾಳ ವಗ್ಗರಣಿ, ಮಿರ್ಚಿ ಮಾಡೋಣಂತ. ಇಲ್ಲಿ ಸಿಗೋ ಮಂಡಾಳು ನೀರಿಗೆ ಹಾಕಿದ ಕೂಡಲೆ ಹಿಟ್ಟಾಗತೈತಿ. ಲೀಡ್ಸ್, ಬ್ರಾಡ್‌ಫರ್ಡ್ ಕಡೆ ನಮ್ಮ ಕಡಿ ದಪ್ಪಂದು ಯಾರಿಗರ ಸಿಕ್ಕಿದ್ರ ಶುಕ್ರವಾರದೊಳಗ ಹೇಳ್ರಿ.