ಗುಜರಿಗೆ ಹಾಕಿ ಅಂದಿದ್ದ ಬೋಟಿನ ಇಂಜಿನ್ ಈಗ ಒಂದೇ ಸೆಲ್ಫಿಗೆ ಸ್ಟಾರ್ಟ್

ಬೋಟಿನ ಹೊಟ್ಟೆಯಲ್ಲಿ ಕೂತಿರುವ ನನ್ನ ಮೂರು ಸಿಲಿಂಡರಿನ ಹಳೇ ಡೀಸೆಲ್ ಇಂಜಿನ್‌ಗೆ ಮೂರು ಜನ ಮೆಕ್ಯಾನಿಕ್‌ಗಳು ಒಂದೇ ಮಾತು ಹೇಳಿದ್ದರು: ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ, ದಮ್ಮಿಲ್ಲ, ಎತ್ತಿ ಗುಜರಿಗೆ ಹಾಕಿ. ನಾಲ್ಕನೆಯವರು ಹ್ಯಾಚ್ ತೆಗೆದು ಇಣುಕಿ ನೋಡುವ ಮೊದಲೇ ಅದನ್ನೇ ಹೇಳಿದರು. ಆ ಇಂಜಿನ್ ಈಗ ರಾತ್ರಿಯೆಲ್ಲ ನಿಂತು ತಣ್ಣಗಾಗಿದ್ದರೂ ಬೆಳಿಗ್ಗೆ ಒಂದೇ ಸೆಲ್ಫಿಗೆ, ಅಂದರೆ ಸ್ಟಾರ್ಟರ್ ಮೋಟಾರನ್ನು ಒಮ್ಮೆ ತಿರುಗಿಸಿದರೆ ಸಾಕು, ಹಿಡಿಯುತ್ತದೆ. ಹೆಡ್ ಬಿಚ್ಚಿಲ್ಲ, ಒಂದು ರಿಂಗ್ ಬದಲಿಸಿಲ್ಲ. ಜಂಬ ಅನ್ನಿಸಿದರೆ ಅನ್ನಿಸಲಿ, ಅಷ್ಟು ದುಡ್ಡು ಕಳೆದುಕೊಂಡವನಿಗೆ ಅಷ್ಟಾದರೂ ಬೇಡವೇ.

ಸೆಲ್ಫ್ ತಿರುಗುತ್ತಿತ್ತು, ಇಂಜಿನ್ ಹಿಡಿಯುತ್ತಿರಲಿಲ್ಲ. ಅದೂ ದಿನಾ ಅಲ್ಲ. ಮೂರು ವಾರ ಚೆನ್ನಾಗಿ ಓಡುವುದು, ನಾಲ್ಕನೇ ವಾರ ಒಂದು ಬೆಳಿಗ್ಗೆ ಸುಮ್ಮನಾಗುವುದು. ಮೊದಲು ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್‌ಗಳನ್ನು ಬಿಚ್ಚಿ ಸರ್ವಿಸ್ ಮಾಡಿಸಿದೆ. ಸ್ಟಾರ್ಟ್ ಆಯಿತು, ಹಾಗಾದರೆ ನಾಝಲ್ಲೇ ಅಂದುಕೊಂಡೆ. ತಿಂಗಳೊಳಗೆ ಮತ್ತೆ ಅದೇ ಕತೆ. ಡೀಸೆಲ್ ಪಂಪ್ ಇಳಿಸಿ ಕ್ಯಾಲಿಬ್ರೇಷನ್‌ಗೆ ಕೊಟ್ಟೆ. ತಂದು ಕೂರಿಸಿದ ದಿನ ಒಂದೇ ಏಟಿಗೆ ಸ್ಟಾರ್ಟ್. ಇನ್ನೊಂದು ತಿಂಗಳಿಗೆ ಮತ್ತೆ ಮಲಗಿತು. ಆಮೇಲೆ ಸೆಲ್ಫ್ ಮೋಟಾರಿಗೆ ಹೊಸ ಬ್ರಷ್, ಹೊಸ ಬ್ಯಾಟರಿ. ಒಟ್ಟು ಲೆಕ್ಕ ಹಾಕಿದರೆ ರೀಕಂಡೀಷನ್ ಮಾಡಿದ ಇಂಜಿನ್ನಿನ ಬೆಲೆಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಹೋಗಿತ್ತು. ರಸೀದಿಗಳನ್ನು ಇಟ್ಟುಕೊಂಡಿಲ್ಲ, ಇಟ್ಟುಕೊಂಡಿದ್ದರೆ ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಪ್ರತಿ ರಿಪೇರಿ ಮುಗಿದ ಮೇಲೂ ನಾನು ತಪ್ಪದೆ ಮಾಡುತ್ತಿದ್ದ ಇನ್ನೊಂದು ಕೆಲಸವಿತ್ತು. ಅದು ತಲೆಗೆ ಹೊಳೆಯಲು ಎಂಟು ತಿಂಗಳು ಬೇಕಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ನಡುವೆ ಒಂದು ದೊಡ್ಡ ತಪ್ಪು ಮಾಡಿದೆ. ಇಂಜಿನ್ ಹಿಡಿಯಲಿಲ್ಲವೆಂದು ಸಿಟ್ಟಿನಿಂದ ಸೆಲ್ಫ್ ಹೊಡೆಯುತ್ತಲೇ ಹೋದೆ, ಹತ್ತು ಹದಿನೈದು ಸಲ. ಇಂಜಿನ್ ತಣ್ಣಗಿಡಲು ಹೊರಗಿನ ನೀರನ್ನು ಒಳಗೆ ಬಿಡುವ ವಾಲ್ವ್ ತೆರೆದೇ ಇತ್ತು. ಆ ನೀರು ಹೊಗೆಯ ಜೊತೆಗೇ ಎಕ್ಸಾಸ್ಟಿನಿಂದ ಹೊರಹೋಗಬೇಕು. ನೀರಿನ ಪಂಪ್ ನೀರು ತಳ್ಳುತ್ತಲೇ ಇರುತ್ತದೆ, ಅದನ್ನು ಹೊರಗೆ ಊದುವ ಹೊಗೆ ಇರುವುದಿಲ್ಲ. ಸೈಲೆನ್ಸರ್ ತುಂಬಿ ನೀರು ಎಕ್ಸಾಸ್ಟ್ ಹಾದಿಯಲ್ಲೇ ಹಿಂದಕ್ಕೆ ಸಿಲಿಂಡರಿಗೆ ಇಳಿಯಿತು. ಸೆಲ್ಫ್ 'ದಢ್' ಎಂದು ನಿಂತಿತು. ಅಲ್ಲಿಗೇ ಕೈ ಬಿಟ್ಟಿದ್ದರಿಂದ ಕನೆಕ್ಟಿಂಗ್ ರಾಡ್ ಬಾಗಲಿಲ್ಲ. ನಾಝಲ್ ಬಿಚ್ಚಿ, ಪುಲ್ಲಿ ನಟ್ಟಿಗೆ ಪಾನಾ ಹಾಕಿ ಕೈಯಲ್ಲೇ ತಿರುಗಿಸಿದೆ. ಎರಡನೇ ಸಿಲಿಂಡರಿನಿಂದ ನೀರು ಚಿಮ್ಮಿ ನೇರ ನನ್ನ ಮುಖಕ್ಕೇ ಬಂತು. ಬಾಯಲ್ಲಿ ಉಪ್ಪು. ಸಿಲಿಂಡರಿಗೆಲ್ಲ ಆಯಿಲ್ ಬಿಟ್ಟೆ, ಇಂಜಿನ್ ತಳದ ಸಂಪಿನ ಆಯಿಲ್ ಎರಡು ಸಲ ಬದಲಿಸಿದೆ. ಅವತ್ತಿನಿಂದ ಸ್ಟಾರ್ಟ್ ಆಗದ ಇಂಜಿನ್ನಿಗೆ ಸೆಲ್ಫ್ ಹೊಡೆಯುವ ಮುಂಚೆ ವಾಲ್ವ್ ಮುಚ್ಚುತ್ತೇನೆ, ಹಿಡಿದ ಕೂಡಲೇ ತೆರೆಯುತ್ತೇನೆ. ತೆರೆಯಲು ಮರೆಯಬಾರದೆಂದು ಕೀಲಿಯನ್ನು ವಾಲ್ವಿನ ಹಿಡಿಗೇ ನೇತುಹಾಕಿದ್ದೇನೆ.

ನಾನಾಗಿ ಯೋಚಿಸಲು ಶುರುಮಾಡಿದ್ದು ಇದಾದ ಮೇಲೆ. ಬೋರ್ ಹೋದ ಇಂಜಿನ್ ಸೆಲ್ಫ್ ಹೊಡೆದರೆ ಬಿಳಿ ಹೊಗೆಯನ್ನಾದರೂ ಕಾರಬೇಕು, ಡೀಸೆಲ್ ಒಳಗೆ ಹೋಗಿ ಉರಿಯದೆ ಹೊರಗೆ ಬರುತ್ತದಲ್ಲ. ನಮ್ಮದು ಒಂದೆಳೆ ಹೊಗೆ ಬಿಡುತ್ತಿರಲಿಲ್ಲ. ಅಂದರೆ ಡೀಸೆಲ್ಲೇ ಹೋಗುತ್ತಿಲ್ಲ. ಇಷ್ಟು ಸುಲಭದ ಮಾತು ನನಗೂ ಹೊಳೆಯಲಿಲ್ಲ, ದುಡ್ಡು ತೆಗೆದುಕೊಂಡವರಿಗೂ ಹೊಳೆಯಲಿಲ್ಲ. ಇಂಜಿನ್ ನಿಲ್ಲಿಸಲು ಎಳೆಯುವ ಸ್ಟಾಪ್ ಕೇಬಲ್ ಅರ್ಧಕ್ಕೆ ಸಿಕ್ಕಿಕೊಂಡಿರಬಹುದೆಂದು ನೋಡಿದೆ, ಸರಿಯಾಗಿತ್ತು. ನಾಝಲ್ ಪೈಪಿನ ನಟ್ ಸಡಿಲಿಸಿ ಸೆಲ್ಫ್ ಹೊಡೆದರೆ ಡೀಸೆಲ್ ಬದಲು ನೊರೆ.

ಗಾಳಿ ಹಿಡಿದಿದೆ ಎಂದು ಖಚಿತವಾಯಿತು. ಆದರೆ ಎಲ್ಲಿಂದ? ಫಿಲ್ಟರಿನ ಸೀಲ್ ಬದಲಿಸಿದೆ, ಪೈಪು ಜೋಡಿಸುವ ಬ್ಯಾಂಜೋ ಬೋಲ್ಟ್‌ಗಳ ತಾಮ್ರದ ವಾಷರ್ ಎಲ್ಲ ಹೊಸದು ಹಾಕಿದೆ, ಸಿಗದ ಸೈಜಿನದನ್ನು ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ ಹಾಕಿದೆ. ಬ್ಲೀಡ್ ಮಾಡಿದರೆ, ಅಂದರೆ ಪೈಪಿನ ಗಾಳಿ ಹೊರಬಿಟ್ಟರೆ, ಸ್ಟಾರ್ಟ್, ಒಂದು ರಾತ್ರಿ ನಿಂತರೆ ಮತ್ತೆ ನೊರೆ.

ಆಗ ಮಾಡಿದ್ದು ಕ್ಯಾನಿನ ಪ್ರಯೋಗ. ಐದು ಲೀಟರಿನ ಕ್ಯಾನಿಗೆ ಸೋಸಿದ ಡೀಸೆಲ್ ತುಂಬಿ, ಇಂಜಿನ್ನಿಗಿಂತ ಮೂರು ನಾಲ್ಕು ಅಡಿ ಮೇಲೆ ಕಟ್ಟಿ, ಪೈಪನ್ನು ನೇರ ಫೀಡ್ ಪಂಪಿಗೆ (ಟ್ಯಾಂಕಿನಿಂದ ಡೀಸೆಲ್ ಎಳೆಯುವ ಪಂಪು) ಕೊಟ್ಟೆ. ಮಿಕ್ಕ ಡೀಸೆಲ್ ವಾಪಸ್ ತರುವ ರಿಟರ್ನ್ ಪೈಪೂ ಅದೇ ಕ್ಯಾನಿಗೆ. ಬೋಟಿನ ಟ್ಯಾಂಕಿಗೂ ಇಂಜಿನ್ನಿಗೂ ಸಂಬಂಧವೇ ಇಲ್ಲ. ಬ್ಲೀಡ್ ಮಾಡಿದೆ, ಹಿಡಿಯಿತು. ಮರುದಿನ ಬ್ಲೀಡ್ ಮಾಡದೆಯೇ ಹಿಡಿಯಿತು. ನಾಲ್ಕು ದಿನ ಸತತವಾಗಿ ಹಿಡಿಯಿತು. "ಆಕಸ್ಮಿಕ ಸಾರ್, ಬೋರ್ ಹೋಗಿದ್ದು ಹೋಗಿದ್ದೇ" ಎಂದರು ಮೆಕ್ಯಾನಿಕ್. ಐದನೇ ದಿನ ಕ್ಯಾನಿನ ಪೈಪನ್ನು ನೀರು ಬೇರ್ಪಡಿಸುವ ಫಿಲ್ಟರಿನ ಹಿಂದಕ್ಕೆ, ಅಂದರೆ ಟ್ಯಾಂಕಿನ ಕಡೆಗೆ, ಸರಿಸಿದೆ. ಆಗಲೂ ಹಿಡಿಯಿತು. ಉಳಿದದ್ದು ಫಿಲ್ಟರಿನಿಂದ ಟ್ಯಾಂಕಿನವರೆಗಿನ ಪೈಪು ಮತ್ತು ಟ್ಯಾಂಕು, ಅಷ್ಟೇ. ಆ ಪೈಪಿನ ನಡುವೆ ಒಂದು ಅಡಿ ಪಾರದರ್ಶಕ ಪೈಪು ಸೇರಿಸಿ, ಮತ್ತೆ ಟ್ಯಾಂಕಿನಿಂದ ಓಡಿಸಿ, ಟಾರ್ಚ್ ಹಿಡಿದು ಕೂತೆ. ಸಾಸಿವೆ ಗಾತ್ರದ ಗುಳ್ಳೆಗಳು, ಸಾಲಾಗಿ ಬರುತ್ತಿದ್ದವು.

ಟ್ಯಾಂಕಿನ ಮೇಲಿನ ಜೋಡಣೆಗಳನ್ನೆಲ್ಲ ಬಿಗಿಮಾಡಿದೆ, ಗುಳ್ಳೆ ನಿಲ್ಲಲಿಲ್ಲ. ಬೇಸರದಿಂದ ಕ್ಯಾನಿನಲ್ಲಿ ಉಳಿದಿದ್ದ ಡೀಸೆಲ್ಲನ್ನೂ ಹೊಸದಾಗಿ ತಂದಿದ್ದನ್ನೂ ಟ್ಯಾಂಕಿಗೆ ಸುರಿದೆ. ಗುಳ್ಳೆ ನಿಂತೇಹೋಯಿತು! ಎಂಟು ತಿಂಗಳ ಪಾಠ ಅರ್ಧ ನಿಮಿಷದಲ್ಲಿ ಅರ್ಥವಾಯಿತು. ನಾಝಲ್ ಸರ್ವಿಸ್ ಆದ ದಿನವೂ, ಪಂಪ್ ಬಂದ ದಿನವೂ, ಬ್ಯಾಟರಿ ಬದಲಿಸಿದ ದಿನವೂ ಟೆಸ್ಟ್‌ಗೆ ಹೊರಡುವ ಮುಂಚೆ ನಾನು ಟ್ಯಾಂಕ್ ತುಂಬಿಸುತ್ತಿದ್ದೆ. ಇಂಜಿನ್ ಹಿಡಿಯುತ್ತಿದ್ದುದು ಟ್ಯಾಂಕ್ ತುಂಬಿದ್ದಕ್ಕೆ, ಹೆಸರು ಬರುತ್ತಿದ್ದುದು ರಿಪೇರಿಗೆ.

ಟ್ಯಾಂಕಿನೊಳಗೆ ಇಳಿದಿರುವ ಹೀರುವ ಪೈಪನ್ನು ಹೊರಗೆಳೆದೆ. ಡೀಸೆಲ್ ಕುಲುಕದಂತೆ ಟ್ಯಾಂಕಿನ ನಡುವೆ ಇರುವ ತಡೆ ತಗಡಿನ ಅಂಚಿಗೆ ತಾಗಿ, ವರ್ಷಗಟ್ಟಲೆ ಅದುರಿ, ಒಂದು ಕಡೆ ಕಡಲೆಕಾಳಿನಗಲ ಹೊಳಪು ಬಂದಿತ್ತು. ಆ ಹೊಳಪಿನ ನಡುವೆ ಸೂಜಿಮೊನೆಯ ತೂತು. ಕಣ್ಣಿಗೆ ಕಾಣಲಿಲ್ಲ. ಹೇಗೆ ಹಿಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಎದುರು ಸಿಕ್ಕಾಗ ಕೇಳಿ. ಡೀಸೆಲ್ ಅರ್ಧಕ್ಕಿಂತ ಮೇಲಿದ್ದರೆ ತೂತು ಮುಳುಗಿರುತ್ತದೆ, ತೊಂದರೆ ಇಲ್ಲ. ಕೆಳಗಿಳಿದರೆ ಗಾಳಿ. ಓಡುವಾಗ ಫೀಡ್ ಪಂಪ್ ಹೇಗೋ ಸುಧಾರಿಸುತ್ತದೆ, ರಾತ್ರಿ ನಿಂತಾಗ ಡೀಸೆಲ್ ಹಿಂದಕ್ಕೆ ಜಾರಿ ಪೈಪು ಖಾಲಿ. ಹೊಸ ಪೈಪು, ಅದು ತಡೆ ತಗಡಿಗೆ ತಾಗುವ ಜಾಗಕ್ಕೆ ಒಂದು ರಬ್ಬರ್ ಬುಷ್, ಎರಡು ವಾಷರ್. ಒಟ್ಟು ಖರ್ಚು ಆ ಹೊಸ ಬ್ಯಾಟರಿಯ ಹತ್ತನೇ ಒಂದು ಭಾಗವೂ ಇಲ್ಲ.

ಆದರೆ ಒಂದೇ ಸೆಲ್ಫಿಗೆ ಹಿಡಿದಿದ್ದು ಅದರಿಂದ ಮಾತ್ರವಲ್ಲ. ಬ್ಯಾಟರಿ ನಿಂತಾಗ 12.6 ವೋಲ್ಟ್ ತೋರಿಸುತ್ತಿತ್ತು, ಸೆಲ್ಫ್ ಹೊಡೆದಾಗ ಮೋಟಾರಿನ ಬಳಿ ಒಂಬತ್ತಕ್ಕಿಂತ ಕೆಳಗೆ. ಬ್ಯಾಟರಿಯ ನೆಗೆಟಿವ್‌ಗೂ ಇಂಜಿನ್ ಬ್ಲಾಕಿಗೂ ಮೀಟರ್ ಹಿಡಿದು ಸೆಲ್ಫ್ ಹೊಡೆದೆ, ಒಂದೂವರೆಯಷ್ಟು ವೋಲ್ಟ್ ಅಲ್ಲೇ ಸೋರುತ್ತಿತ್ತು. ಅರ್ತ್ ಕೇಬಲ್ ಬಣ್ಣದ ಮೇಲೆ ಕೂತಿತ್ತು, ಕೆಳಗೆ ಹಸಿರು ತುಕ್ಕು. ಕೆರೆದು, ಕೇಬಲ್ ತುದಿಗೆ ಹೊಸ ಲಗ್ (ಲೋಹದ ಬಳೆ) ಹಾಕಿ, ಮತ್ತೆ ಹಿಡಿದರೆ 0.2 ಅಥವಾ 0.3. ಸೆಲ್ಫಿನ ಸದ್ದೇ ಬದಲಾಯಿತು. ಹಳೇ ಬ್ಯಾಟರಿಯೇ ಸಾಕಿತ್ತು ಎಂಬುದನ್ನು ನೆನೆಸಿಕೊಳ್ಳುವುದು ಬೇಡ.

ಅಡ್ಡದಾರಿಯ ಪ್ರಯೋಗಗಳೂ ಆಗಿದ್ದವು. ಇಂಜಿನ್ ಗಾಳಿ ಎಳೆಯುವ ಇನ್‌ಟೇಕಿಗೆ ಹೇರ್ ಡ್ರೈಯರ್ ಊದಿದೆ, ಎರಡು ಸಲ ಕೆಲಸ ಮಾಡಿತು. ಡೀಸೆಲ್ಲಿಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಿದೆ, ಏನೂ ಆಗಲಿಲ್ಲ. ಬೇಗ ಹತ್ತಿಕೊಳ್ಳುವ ಸ್ಟಾರ್ಟಿಂಗ್ ಸ್ಪ್ರೇ ಮಾತ್ರ ಮುಟ್ಟಲಿಲ್ಲ, ಹೀಟರ್ ಪ್ಲಗ್ (ತಣ್ಣನೆಯ ಸಿಲಿಂಡರಿನೊಳಗೆ ಕಾಯುವ ಕಡ್ಡಿ) ಇರುವ ಇಂಜಿನ್ನಿಗೆ ಅದನ್ನು ಹೊಡೆದರೆ ಹೊತ್ತಲ್ಲದ ಹೊತ್ತಿನಲ್ಲಿ ಹತ್ತಿಕೊಂಡು ರಿಂಗ್ ಮುರಿಯಬಹುದು.

ಹೀಟರ್ ಪ್ಲಗ್‌ಗಳನ್ನು ಒಂದೊಂದಾಗಿ ಮೀಟರಿನಲ್ಲಿ ನೋಡಿದಾಗ ಮೂರನೆಯದು ಸತ್ತಿದೆ ಎಂದು ಗೊತ್ತಾಯಿತು. ತುಕ್ಕು ಹಿಡಿದು ಹೆಡ್ಡಿಗೆ ಅಂಟಿಕೊಂಡಿದೆ, ಒತ್ತಿದರೆ ಮುರಿಯುತ್ತದೆ. ಪ್ರತಿ ಭಾನುವಾರ ಅದರ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಎರಡು ಹನಿ ಬಿಡುತ್ತಿದ್ದೇನೆ, ಇಂಜಿನ್ ಬಿಸಿ ಇರುವಾಗ. ಕಳೆದ ವಾರ ಕಾಲು ಸುತ್ತು ಅಲುಗಾಡಿತು.