ಟಿಕ್ಝ್‌ನ್ಯಾಗ ಬಾಕ್ಸ್ ಎಲ್ಲಾ ಒಂದ ಸಮ ಬರಬೇಕಂದ್ರ

ಟಿಕ್ಝ್ (TikZ) ಅಂದ್ರ ಲೇಟೆಕ್‌ (LaTeX) ಅನ್ನೋ ರಿಪೋರ್ಟ್ ಜೋಡಿಸೋ ಸಾಫ್ಟ್‌ವೇರಿನ್ಯಾಗ ಕೋಡ್ ಬರದು ಚಿತ್ರ ತಗಿಯೋ ಪ್ಯಾಕೇಜ್. ಪ್ರಾಜೆಕ್ಟ್ ರಿಪೋರ್ಟ್ ಟೈಮ್ ಬಂತಂದ್ರ ಧಾರವಾಡದಾಗ ನಮ್ಮ ರೂಮಿಗೆ ಹುಡುಗ್ರು ಲ್ಯಾಪ್‌ಟಾಪ್ ಹಿಡ್ಕೊಂಡು ಬರತಾರ, ಭಾಳ ಮಂದಿದು ಒಂದ ಪ್ರಶ್ನೆ: "ಅಣ್ಣಾ, ಬಾಕ್ಸ್ ಒಂದ್ ದೊಡ್ಡದು ಒಂದ್ ಸಣ್ಣದು ಬರಾಕತ್ತಾವ ನೋಡ್ರಿ". ಹೋದ ವಾರ ಬಂದಾಕಿದು ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ ಮ್ಯಾಲಿನ ರಿಪೋರ್ಟ್, ಐದು ಬಾಕ್ಸ್ ಇದ್ವು: ಆವಕ, ಟೆಂಡರ್, ತೂಕ, ಬಿಲ್ಲು, ರೈತರ ಖಾತೆಗೆ ಹಣ ಜಮಾ. ಅದನ್ನ ಹಿಡ್ಕೊಂಡ ಹೇಳ್ತೀನಿ.

ಟಿಕ್ಝ್ ನೋಡ್ (node, ಅಕ್ಷರ ಇರೋ ಒಂದೊಂದು ಬಾಕ್ಸ್) ಒಳಗಿನ ಅಕ್ಷರಕ್ಕ ಅಳತಿ ಮಾಡಿ ಬಾಕ್ಸ್ ಹಾಕತೈತಿ, ಅದಕ್ಕ ಆವಕ ಸಣ್ಣದು, ಹಣ ಜಮಾ ಉದ್ದದ್ದು. ಮಿನಿಮಮ್ ವಿಡ್ತ್ 3 ಸೆಂಟಿಮೀಟರ್ ಅಂತ ಕೊಟ್ರ ಸಣ್ಣವು ದೊಡ್ಡವಾಗತಾವು, ಆದ್ರ ಉದ್ದಂದು ಹಂಗ ಹೊರಗ ಚಾಚತೈತಿ, ಯಾಕಂದ್ರ ಅದು ಕನಿಷ್ಠ ಅಷ್ಟ, ಗರಿಷ್ಠ ಅಲ್ಲ. ಸಾಲು ಮುರೀಬೇಕಂದ್ರ ಟೆಕ್ಸ್ಟ್ ವಿಡ್ತ್ ಬೇಕು. ಇಲ್ಲೆ ಎಲ್ಲಾರೂ ಎಡವೋದು: ಮಿನಿಮಮ್ ವಿಡ್ತ್‌ನ್ಯಾಗ ಇನ್ನರ್ ಸೆಪ್ (ಅಕ್ಷರಕ್ಕೂ ಬಾಕ್ಸಿನ ಅಂಚಿಗೂ ನಡುವಿನ ಜಾಗ) ಸೇರಿರತೈತಿ, ಟೆಕ್ಸ್ಟ್ ವಿಡ್ತ್‌ನ್ಯಾಗ ಸೇರಿರಂಗಿಲ್ಲ. ಇನ್ನರ್ ಸೆಪ್ ಡಿಫಾಲ್ಟ್ .3333 ಎಮ್ (em, ಹೆಚ್ಚು ಕಡಿಮಿ ಫಾಂಟ್ ಸೈಜಿನಷ್ಟು ಅಳತಿ), 10 ಪಾಯಿಂಟ್ ಅಕ್ಷರಕ್ಕ ಎರಡೂ ಕಡೆ ಕೂಡಿ 2.3 ಮಿಲಿಮೀಟರ್ ಹತ್ರ ಆಗತೈತಿ. ಅಂದ್ರ ಎರಡಕ್ಕೂ 3 ಕೊಟ್ರ ಬಾಕ್ಸ್ 3.23 ಬರತೈತಿ. ಟೆಕ್ಸ್ಟ್ ವಿಡ್ತ್ 2.7, ಮಿನಿಮಮ್ ವಿಡ್ತ್ 3, ಅಲೈನ್ ಸೆಂಟರ್, ಇಷ್ಟನ್ನ ಒಂದು ಸ್ಟೈಲಿನ್ಯಾಗ ಇಟ್ಟು ಎಲ್ಲಾ ನೋಡಿಗೂ ಅದನ್ನ ಹಚ್ರಿ. ಒಂದೊಂದು ನೋಡಿನ್ಯಾಗ ಅಳತಿ ಬರೀಬ್ಯಾಡ್ರಿ, ನಾಳೆ ಗೈಡ್ ಬದಲಿಸು ಅಂದ್ರ ಹದಿನೈದು ಕಡೆ ತಿದ್ದಬೇಕಾಗತೈತಿ.

ಎತ್ತರಕ್ಕ ಮಿನಿಮಮ್ ಹೈಟ್ ಸಾಕು, ಆದ್ರ ಕನ್ನಡಕ್ಕ ಇನ್ನೊಂದು ತ್ರಾಸ ಐತಿ. ತೂಕ ಮತ್ತ ಬಿಲ್ಲು ಬಾಜೂಕ ಇಟ್ಟು ಝೂಮ್ ಮಾಡಿ ನೋಡ್ರಿ, ಬಾಕ್ಸ್ ಸಮ ಅದಾವು ಆದ್ರ ಬಿಲ್ಲು ಒಂಚೂರು ಮ್ಯಾಲೆ ಕುಂತಿರತೈತಿ. ಟಿಕ್ಝ್ ಲ ಕೆಳಗಿನ ಒತ್ತು ಸೇರಿಸಿ ಅಳತಿ ಮಾಡಿ ನಡುವ ಕೂಡಿಸತೈತಿ, ಅದಕ್ಕ ಅಕ್ಷರ ಮ್ಯಾಲೆ ಸರೀತಾವು. ಟೆಕ್ಸ್ಟ್ ಹೈಟ್ (ಅಕ್ಷರ ಕೂಡೋ ಗೆರಿ ಮ್ಯಾಲಿನ ಅಳತಿ), ಟೆಕ್ಸ್ಟ್ ಡೆಪ್ತ್ (ಗೆರಿ ಕೆಳಗಿನ ಅಳತಿ) ಎರಡನ್ನೂ ನೀವ ಕೊಟ್ಟುಬಿಡ್ರಿ. ಮ್ಯಾನ್ಯುಅಲ್‌ನ್ಯಾಗ ಡೆಪ್ತ್ .25 ಎಕ್ಸ್ (ex, ಹೆಚ್ಚು ಕಡಿಮಿ ಸಣ್ಣ x ಅಕ್ಷರದ ಎತ್ತರ) ಅಂತ ಉದಾಹರಣೆ ಐತಿ, ಅದು ಇಂಗ್ಲಿಷ್ ಅಕ್ಷರಕ್ಕ ಸರಿ, ಒತ್ತಕ್ಷರಕ್ಕ ಸಾಲಂಗಿಲ್ಲ, ನಾ 1 ಎಕ್ಸ್ ಇಟ್ಟು ಸುರು ಮಾಡಿ ಫಾಂಟ್ ನೋಡಿ ಹೆಚ್ಚು ಕಡಿಮಿ ಮಾಡ್ತೀನಿ. ಆದ್ರ ಇದು ಒಂದ ಸಾಲಿನ ಬಾಕ್ಸಿಗೆ ಅಷ್ಟ! ಎರಡು ಸಾಲಿನ ಹಣ ಜಮಾಕ್ಕ ಹಚ್ಚಿದ್ರ ಎರಡನೇ ಸಾಲು ಡೆಪ್ತಿನ ಲೆಕ್ಕಕ್ಕ ಬರತೈತಿ, ಅಲ್ಲಿ ಜಾಗ ಇಲ್ಲದ ಬಾಕ್ಸಿನ ಕೆಳಗ ಜೋತ ಬೀಳತೈತಿ.

ಇನ್ನ ಜೋಡಿಸೋದು. ಪೊಸಿಷನಿಂಗ್ ಲೈಬ್ರರಿ ಹಾಕ್ಕೊಂಡು 'ರೈಟ್' ಆದಮ್ಯಾಲೆ ಈಕ್ವಲ್ ಚಿಹ್ನೆ, ಆಮ್ಯಾಲೆ 'ಆಫ್' ಬರೀರಿ (right=of). 'ರೈಟ್ ಆಫ್' ಮುಗದಮ್ಯಾಲೆ ಈಕ್ವಲ್ ಹಾಕೋದು (right of=) ಹಳೇದು, ಅದು ನಡುವಿಂದ ನಡುವಿಗೆ ದೂರ ಅಳೀತೈತಿ, ಅಗಲ ಬಾಕ್ಸ್ ಬಂದ್ರ ಒಂದರ ಮ್ಯಾಲೆ ಒಂದು ಏರತೈತಿ. ಹೊಸಾದು ಅಂಚಿಂದ ಅಂಚಿಗೆ, ಡಿಫಾಲ್ಟ್ 1 ಸೆಂಟಿಮೀಟರ್. ಎಡ ಅಂಚು ಹೊಂದಬೇಕಂದ್ರ ಮ್ಯಾಲಿನ ಬಾಕ್ಸಿನ ಸೌತ್ ವೆಸ್ಟ್ (ಕೆಳಗಿನ ಎಡ ಮೂಲಿ) ಹಿಡಿದು 'ಬಿಲೋ' ಕೊಡ್ರಿ, ಅದು ಆದಮ್ಯಾಲೆ ಆಂಕರ್ (ಹೊಸಾ ಬಾಕ್ಸಿನ ಯಾವ ಬಿಂದು ಅಲ್ಲಿ ಕೂಡಬೇಕು ಅನ್ನೋದು) ನಾರ್ತ್ ವೆಸ್ಟ್, ಅಂದ್ರ ಮ್ಯಾಲಿನ ಎಡ ಮೂಲಿ, ಅಂತ ಬರೀರಿ. ಆಂಕರ್ ಮುಂಚೆ ಬರದ್ರ 'ಬಿಲೋ' ಬಂದು ಅದನ್ನ ಬದಲಿಸಿಬಿಡತೈತಿ.